ಸುಗ್ಗಿ ಹಬ್ಬದ ಕೊನೆಯ ಕಾಣಿಕೆ

ಬಿದಿರು ತಟ್ಟೆ ಇತ್ತು. ಅದರ ಮೇಲೆ ಹಾಸಿದ್ದ ಬಿಳಿ ಬಟ್ಟೆ ಇತ್ತು. ಸೀರೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂಕಾಲು. ಮೊಳಕಾಲ್ಮೂರಿನಿಂದ ಮೊದಲ ಬಸ್ಸಿಗೆ ಬಂದಿದ್ದ ಸುವಾರ್ತಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೀದಾ ಬಲಿಪೀಠದ ಮುಂದೆ ಹೋಗಿ ನಿಂತವರು ಹಾಗೇ ನಿಂತುಬಿಟ್ಟರು.

"ಮೇಷ್ಟ್ರೇ, ನನ್ನ ಸೀರೆ ಎಲ್ಲೈತೆ?"

ನಾನು ಈ ಚರ್ಚಿನ ಸಭೆಯ ಕಾರ್ಯದರ್ಶಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನು, ಯಾವ ಪ್ರಶ್ನೆಗೂ ಏನಾದರೊಂದು ಉತ್ತರ ಕೊಟ್ಟೇ ಅಭ್ಯಾಸ. ಆವತ್ತು ಮಾತ್ರ ತಟ್ಟೆಯ ಬಟ್ಟೆ ಎತ್ತಿ ಕೆಳಗೆ ನೋಡಿದೆ.

ಸುಗ್ಗಿ ಹಬ್ಬವೆಂದರೆ ಚಳ್ಳಕೆರೆಯ ನಮ್ಮ ಚಿಕ್ಕ ಸಭೆಗೆ ವರ್ಷದ ದೊಡ್ಡ ಹಬ್ಬ. ಬೆಳೆದವರು ಬೆಳೆಯ ಮೊದಲ ಪಾಲನ್ನು, ದುಡಿಯುವವರು ದುಡಿಮೆಯ ಮೊದಲ ಫಲವನ್ನು ಶನಿವಾರವೇ ತಂದು ಬಲಿಪೀಠದ ಮುಂದೆ ಇಡುತ್ತಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ಅವುಗಳ ಹರಾಜು. ಎಲ್ಲಕ್ಕಿಂತ ಕೊನೆಗೆ ಯಾವ ಕಾಣಿಕೆಯನ್ನು ಕೂಗುತ್ತೇವೋ, ಅದನ್ನು ಕೊಟ್ಟವರ ಹೆಸರು ಹೇಳಿ ಇಡೀ ಸಭೆ ಎದ್ದು ನಿಂತು ಪ್ರಾರ್ಥಿಸುತ್ತದೆ. ಇದು ನಮ್ಮ ಹಿರಿಯರ ಕಾಲದಿಂದ ಬಂದ ಪದ್ಧತಿ.

ಹನ್ನೊಂದು ವರ್ಷದಿಂದ ಆ ಕೊನೆಯ ಕಾಣಿಕೆ ಎಣ್ಣೆ ಮಿಲ್ಲಿನ ಕೃಪಾನಂದರ ಶೇಂಗಾ ಚೀಲ. ಈ ವರ್ಷ ನಮ್ಮ ಹೊಸ ಸಭಾಪಾಲಕಿ ಸ್ವಪ್ನ ಅಮ್ಮನವರು ಅದನ್ನು ಬದಲಾಯಿಸಿದ್ದರು. ಕೈ ಮುರಿದುಕೊಂಡು ಎರಡು ವರ್ಷ ಮಗ್ಗಕ್ಕೇ ಕೂರದಿದ್ದ ಸುವಾರ್ತಮ್ಮ, ಕೈ ಕೂಡಿದ ಮೇಲೆ ನೇಯ್ದ ಮೊದಲ ರೇಷ್ಮೆ ಸೀರೆಯನ್ನು ದೇವರಿಗೆ ತಂದಿದ್ದರು. ಗಿಳಿಹಸಿರು ಒಡಲು, ಕೆಂಪು ಅಂಚು. "ಈ ಸಲ ಕೊನೆಗೆ ಸುವಾರ್ತಮ್ಮನ ಸೀರೆ" ಎಂದು ಅಮ್ಮನವರು ಹಿಂದಿನ ವಾರವೇ ಪ್ರಕಟಿಸಿದ್ದರು.

ಈಗ ಅದೇ ಇಲ್ಲ.

ಹತ್ತೇ ನಿಮಿಷದಲ್ಲಿ ಎಲ್ಲರ ಕಣ್ಣೂ ಗಾದ್ರಪ್ಪನ ಮೇಲೆ ಬಿತ್ತು. ಗಾದ್ರಪ್ಪ ನಮ್ಮ ಕಾವಲುಗಾರ. ಚರ್ಚಿನ ಹಿಂದಿನ ಒಂದೇ ಕೋಣೆಯಲ್ಲಿ ಹೆಂಡತಿ, ಮಗಳೊಂದಿಗೆ ಇರುವವನು. ಬೀಗದ ಕೈ ಇರುವುದು ಅವನ ಸೊಂಟದಲ್ಲಿ ಮಾತ್ರ. ಸಾಲದ್ದಕ್ಕೆ ಗುರುವಾರ ಅವನ ಮಗಳ ಮದುವೆ.

"ಮದುವೆ ಮನೆಗೆ ರೇಷ್ಮೆ ಸೀರೆ ಬೇಕೇ ಬೇಕಲ್ಲ" ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಹೆಣ್ಣಿನ ಮದುವೆಯ ಟ್ರಂಕನ್ನು ಅಂಗಳಕ್ಕೆ ತಂದು ಬಗೆದೇಬಿಟ್ಟರು. ಏನೂ ಸಿಗಲಿಲ್ಲ. ಗಾದ್ರಪ್ಪನ ಹೆಂಡತಿ ಯರ್ರಮ್ಮ ಮಗಳ ಹೊಸ ಲಂಗಗಳನ್ನು ಒಂದೊಂದಾಗಿ ಕೊಡವಿ ಮತ್ತೆ ಮಡಿಸುತ್ತಾ ಕೂತರು. ನಾನು ತಡೆಯಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಕೃಪಾನಂದರು ದೊಡ್ಡ ಮನಸ್ಸು ಮಾಡಿದರು. "ಪೊಲೀಸ್ ಬೇಡ ಮೇಷ್ಟ್ರೇ, ಪಾಪ, ಬಡವ. ಕೆಲಸ ಬಿಡಿಸಿ ಕಳ್ಸಿ, ಸಾಕು. ಸೀರೆ ಬೆಲೆಯ ಎರಡರಷ್ಟು ನಾನು ಸುವಾರ್ತಮ್ಮಂಗೆ ಕೊಡ್ತೀನಿ."

"ನಾನು ಮಾರಕ್ಕೆ ತಂದಿದ್ದಲ್ಲಣ್ಣಾ" ಎಂದರು ಸುವಾರ್ತಮ್ಮ. "ದೇವುಡಿಗೆ ತಂದಿದ್ದು. ಆಯಪ್ಪಗೆ ಎರಡರಷ್ಟು ಹೆಂಗ್ ಕೊಡ್ತೀರಿ?"

ನಾನು ಚರ್ಚಿನ ಕಚೇರಿ ಕೋಣೆಗೆ ಹೋಗಿ, 'ಕಾವಲುಗಾರ ಗಾದ್ರಪ್ಪನನ್ನು ಈ ದಿನದಿಂದಲೇ' ಎಂದು ಬರೆಯಲು ಶುರುಮಾಡಿದೆ. ಅಷ್ಟರಲ್ಲಿ ಒಂದು ಕೈ ಬಂದು ಪೆನ್ನು ಕಿತ್ತುಕೊಂಡಿತು.

ನನ್ನ ಹೆಂಡತಿ ಪ್ರೇಮಲತಾ. ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಮನೆಯಲ್ಲಿ ನಾನು ಡಬ್ಬದ ಬೆಲ್ಲ ತಿಂದರೂ ಹಿಡಿಯುತ್ತಾಳೆ.

"ಆರಾಧನೆ ಎಷ್ಟು ಗಂಟೆಗೆ?"

"ಒಂಬತ್ತೂವರೆಗೆ."

"ಇನ್ನೂ ಒಂದೂವರೆ ಗಂಟೆ ಐತೆ. ಅಲ್ಲಿವರೆಗೆ ಯಾರ ಅನ್ನಕ್ಕೂ ಕೈ ಹಾಕಬೇಡಿ. ಗಾದ್ರಪ್ಪನ್ನ ಕರೀರಿ."

ಗಾದ್ರಪ್ಪ ಬಂದ. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ.

"ನಾನು ಮುಟ್ಟಿಲ್ಲ ಅಮ್ಮಾರೇ. ನಮ್ಮ ದೇವ್ರಾಣೆ, ನಿಮ್ಮ ದೇವ್ರಾಣೆ."

"ಆಣೆ ಬೇಡ, ಸಮಯ ಹೇಳು. ನಿನ್ನೆ ಎಲ್ಲರೂ ಕಾಣಿಕೆ ಇಟ್ಟು ಹೋದ ಮೇಲೆ ಒಳಗೆ ಯಾರ್ಯಾರು ಬಂದ್ರು?"

"ಇಬ್ಬರೇ. ಐದು ಗಂಟೆಗೆ ಮೈಕ್ ರಫೀಕ್ ಬಂದ, ವೈರು ಎಳೆದು ಐದೂವರೆಗೆ ಹೋದ. ಆಮ್ಯಾಕೆ ಕೃಪಾನಂದ ಧಣಿ ಬಂದ್ರು, ಪ್ರಾರ್ಥನೆ ಮಾಡ್ತೀನಿ ಅಂತ. ಕಾಲು ಗಂಟೆ ಇದ್ರು. ಅವರು ಹೋದ ಮೇಲೆ ಬೀಗ ಹಾಕಿದೆ."

"ನೀನೆಲ್ಲಿದ್ದೆ?"

"ಬಾಗಲಾಗೇ, ಅಂಗಳದ ಕಡೆ ಮುಖ ಮಾಡಿ ಕುಂತಿದ್ದೆ. ಪೂರಾ ಹೊತ್ತು."

"ಹೋಗುವಾಗ ಅವರ ಕೈಯಲ್ಲಿ ಏನಿತ್ತು?"

"ರಫೀಕನ ಕೈಯಾಗೆ ಡಬ್ಬಿ ಇತ್ತು. ಧಣಿ ಕೈ ಬೀಸ್ಕೊಂಡು ಹೋದ್ರು."

"ಡಬ್ಬಿ!" ಎಂದೆ ನಾನು. ಹೆಂಡತಿ ನನ್ನತ್ತ ನೋಡಿದಳು.

ರಫೀಕ್ ಹೊರಗೆ ಮೈಕ್ ಪರೀಕ್ಷಿಸುತ್ತಿದ್ದ. ಕರೆದಾಗ ಡಬ್ಬಿಯನ್ನೂ ತಂದು ತಾನೇ ಮುಚ್ಚಳ ತೆಗೆದ. ವೈರು, ಪ್ಲಗ್ಗು, ಟೆಸ್ಟರ್.

"ನೋಡ್ರಿ ಮೇಡಂ. ಸೀರೆ ಹಿಡಿಸೋವಷ್ಟು ಜಾಗ ಇದ್ರೆ ನನ್ನ ಊಟದ ಡಬ್ಬೀನೂ ಇದ್ರಾಗೇ ಇಡ್ತಿದ್ದೆ."

"ನೀನು ಹೋಗುವಾಗ ಸೀರೆ ಇತ್ತಾ?"

"ಇತ್ತು. ಅಲ್ಲಾ ಖಸಮ್ ಮೇಡಂ. ಅದರ ಪಕ್ಕದಾಗೇ ನಿಂತು..." ಅವನು ತಡೆದ.

"ನಿಂತು?"

"ತಪ್ಪು ತಿಳೀಬೇಡ್ರಿ. ಹಸಿವಾಗಿತ್ತು. ಆ ಶೇಂಗಾ ಚೀಲದಾಗೆ ಒಂದು ಹಿಡಿ ತಗೊಂಡೆ."

"ಒಂದೇ ಹಿಡಿನಾ?"

"ಎರಡು."

ಪ್ರೇಮಲತಾ ನಕ್ಕಳು. ಅಂಥ ಹೊತ್ತಲ್ಲಿ ನಗುವುದೇನಿದೆ ಎಂದು ನನಗೆ ಸಿಟ್ಟು ಬಂತು. ಅವಳು ಎದ್ದು ಬಲಿಪೀಠದ ಮುಂದೆ ಹೋಗಿ ಕಾಣಿಕೆಗಳ ನಡುವೆ ನಿಧಾನವಾಗಿ ಸುತ್ತಿದಳು. ಕುಂಬಳಕಾಯಿ, ಈರುಳ್ಳಿ ಬುಟ್ಟಿ, ಕಾಲು ಕಟ್ಟಿದ ಎರಡು ಹುಂಜ, ರಾಗಿ ಕುಕ್ಕೆ, ಬಾಯಿ ಹೊಲಿದ ಶೇಂಗಾ ಚೀಲ, ನಿಂಬೆಹಣ್ಣು. ಎಡಗಡೆ ಕಂಬಕ್ಕೆ ಕಟ್ಟಿದ್ದ ಜೋಳದ ದಂಟಿನ ಸಿವುಡು ಬಿಚ್ಚಿಕೊಂಡು ನೆಲದ ಮೇಲೆ ಹರಡಿತ್ತು.

"ರೀ, ಈ ಸಿವುಡು ಕಟ್ಟಿದ ಸುತಳಿ ಎಲ್ಲಿ?"

"ಬಿಚ್ಚಿ ಬಿದ್ದಿರಬೇಕು. ಈಗ ಅದನ್ನು ಕಟ್ಟೋದೇ ಮುಖ್ಯವೇ?"

"ಬಿಚ್ಚಿ ಬಿದ್ದಿದ್ರೆ ಇಲ್ಲೇ ಇರಬೇಕಿತ್ತಲ್ಲ? ಇಲ್ಲ. ನಿನ್ನೆ ನಾಲ್ಕು ಗಂಟೆಗೆ ನೀವು ಸಭೆಯ ಗುಂಪಿಗೆ ಫೋಟೋ ಕಳಿಸಿದ್ರಲ್ಲ, ಅದನ್ನ ತೋರಿಸಿ."

ಫೋನ್ ಕೊಟ್ಟೆ. ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಆಮೇಲೆ ಕೃಪಾನಂದರನ್ನು ಕರೆದಳು.

ಅವರ ಬಗ್ಗೆ ಒಂದು ಮಾತು. ಒಳ್ಳೆಯವರು. ಚರ್ಚಿನ ಫ್ಯಾನು, ಬೆಂಚು, ಹೊಸ ಗೇಟು ಎಲ್ಲ ಅವರದೇ ಕಾಣಿಕೆ, ಎಲ್ಲದರ ಮೇಲೂ ಅವರದೇ ಹೆಸರು. ಆರಾಧನೆಯಲ್ಲಿ ತಮ್ಮ ಬದುಕಿನ ಸಾಕ್ಷಿ ಹೇಳಲು ನಿಂತರೆ ಜೇಬಿನಿಂದ ಒಂದು ದಬ್ಬಳ ತೆಗೆದು ಎತ್ತಿ ಹಿಡಿಯುತ್ತಾರೆ. "ಶೇಂಗಾ ಮಂಡಿಯಲ್ಲಿ ಇದೇ ಸೂಜಿಯಿಂದ ಚೀಲ ಹೊಲೀತಿದ್ದವನನ್ನ ದೇವರು ಇಲ್ಲಿಗೆ ತಂದ" ಎನ್ನುತ್ತಾರೆ. ಎಷ್ಟು ಸಲ ಕೇಳಿದ್ದೇವೆಂದರೆ, ದಬ್ಬಳ ಹೊರಬಂದ ಕೂಡಲೇ ಹಿಂದಿನ ಬೆಂಚಿನವರು ಗಡಿಯಾರ ನೋಡುತ್ತಾರೆ.

"ನಿನ್ನೆ ಸಂಜೆ ಬಂದಿದ್ರಂತೆ ಅಣ್ಣಾ?"

"ಪ್ರಾರ್ಥನೆಗೆ ಬಂದಿದ್ದೆ. ತಪ್ಪಾ?"

"ಆಗ ಸೀರೆ ಇತ್ತಾ?"

"ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋನು ಸೀರೆ ನೋಡ್ತೀನಾ?"

"ಸರಿ. ಎಲ್ಲರೂ ಇಲ್ಲೇ ಇರ್ರಿ."

ಸ್ವಪ್ನ ಅಮ್ಮನವರು ಬಾಗಿಲು ಮುಚ್ಚಿದರು. ಒಳಗೆ ನಾವು ಏಳೇ ಜನ.

"ಮೊದಲನೇದು" ಎಂದಳು ಪ್ರೇಮಲತಾ. "ಗಾದ್ರಪ್ಪ ಕದ್ದಿಲ್ಲ. ಬೀಗದ ಕೈ ಇರೋನು ರಾತ್ರಿಯೆಲ್ಲಾ ಸಮಯ ಇರುವಾಗ ಸೀರೆ ಹೊರಗೆ ಸಾಗಿಸ್ತಿದ್ದ. ಈ ಸೀರೆ ಹೊರಗೆ ಹೋಗೇ ಇಲ್ಲ. ಬಾಗಿಲಲ್ಲಿ ಕಾವಲುಗಾರ ಕೂತಿದ್ದಾನೆ, ಕೈ ಬೀಸ್ಕೊಂಡೇ ಹೋಗಬೇಕು ಅನ್ನೋರು ಮಾತ್ರ ಅದನ್ನ ಒಳಗೇ ಬಚ್ಚಿಡೋದು."

"ಒಳಗೆ ಎಲ್ಲಾ ಹುಡುಕಿದ್ವಲ್ಲ?" ಎಂದೆ.

"ಬೆಂಚಿನ ಕೆಳಗೆ ಹುಡುಕಿದ್ರಿ, ಬೀರುವಿನಲ್ಲಿ ಹುಡುಕಿದ್ರಿ, ಒಂದು ಹೆಣ್ಣಿನ ಟ್ರಂಕನ್ನೂ ಬಿಡಲಿಲ್ಲ. ಕಾಣಿಕೆ ಒಳಗೆ ಯಾರೂ ಕೈ ಹಾಕ್ಲಿಲ್ಲ." ಅವಳು ಫೋನನ್ನು ನನ್ನ ಮುಂದೆ ಹಿಡಿದಳು. "ಚೀಲ ನೋಡ್ರಿ. ಇದರಲ್ಲಿ ಹೆಂಗೈತೆ? ಅಲ್ಲಿ ಹೆಂಗೈತೆ?"

ಫೋಟೋದಲ್ಲಿ ಚೀಲದ ಬಾಯಿ ತೆರೆದಿತ್ತು, ಮೇಲೆ ಶೇಂಗಾ ರಾಶಿ ಕಾಣುತ್ತಿತ್ತು. ಬಲಿಪೀಠದ ಮುಂದಿನ ಚೀಲಕ್ಕೆ ನೀಟಾಗಿ ಹೊಲಿಗೆ ಬಿದ್ದಿತ್ತು. ಬೆಳಿಗ್ಗೆಯಿಂದ ಅದರ ಪಕ್ಕದಲ್ಲೇ ಹತ್ತು ಸಲ ಓಡಾಡಿದ್ದೇನೆ. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಹೊಲಿದ ಶೇಂಗಾ ಚೀಲ ಕಣ್ಣಿಗೆ ಬೀಳುವುದಾದರೂ ಹೇಗೆ? ಊರ ತುಂಬ ಅವೇ.

"ಸುಗ್ಗಿ ಹಬ್ಬದ ಕಾಣಿಕೆಗೆ ಯಾರೂ ಬಾಯಿ ಕಟ್ಟಲ್ಲ. ಬಂದೋರು ಒಂದು ಹಿಡಿ ತಗೊಳ್ಳಲಿ ಅಂತಾನೇ ತೆರೆದಿಡೋದು. ರಫೀಕ್ ಎರಡು ಹಿಡಿ ತಿಂದ, ಅವನ ಹೊಟ್ಟೆ ತಣ್ಣಗಿರಲಿ. ಅಂದ್ರೆ ಐದೂವರೆಗೆ ಬಾಯಿ ತೆರೆದಿತ್ತು. ಆಮೇಲೆ ಬಂದೋರು ಒಬ್ಬರೇ. ಸಿವುಡಿನ ಸುತಳಿ ಬಿಚ್ಚಿ ಚೀಲ ಹೊಲಿದ್ರು. ಆ ಎರಡು ಮೂಲೆ ನೋಡ್ರಿ, ಎತ್ತಕ್ಕೆ ಅನುಕೂಲ ಆಗ್ಲಿ ಅಂತ ಕಿವಿ ತಿರುವಿ ಗಂಟು ಹಾಕೈತೆ. ಅದು ಮಂಡಿಯವರ ಕೈ. ಬಚ್ಚಿಟ್ಟು ಸುಮ್ಮನೆ ಹೋಗಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ. ಆದರೆ ಬೆಲೆ ಬಾಳೋದನ್ನ ಒಳಗಿಟ್ಟು ಬಾಯಿ ಹೊಲೀದೆ ಬಿಡೋದು ಅವರ ಕೈಗೆ ಗೊತ್ತಿಲ್ಲ. ದಬ್ಬಳ ಜೇಬಿನಲ್ಲೇ ಇರುತ್ತೆ. ಅಲ್ವಾ ಕೃಪಾನಂದಣ್ಣಾ?"

ಒಂದು ಹುಂಜ ರೆಕ್ಕೆ ಬಡಿಯಿತು.

ಕೃಪಾನಂದರು ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದು ಕಡೆಯ ಗಂಟು ಬಿಚ್ಚಿ ಎಳೆದರು. ಹೊಲಿಗೆಯೆಲ್ಲ ಸರ್ರನೆ ಬಿಟ್ಟುಕೊಂಡಿತು. ಶೇಂಗಾದೊಳಗೆ ಮೊಣಕೈವರೆಗೂ ಕೈ ಹಾಕಿ ಒಂದು ಪೊಟ್ಟಣ ತೆಗೆದರು. ಅವರದೇ ಬಿಳಿ ಟವೆಲ್, ಅದರೊಳಗೆ ಗಿಳಿಹಸಿರು. ಒಂದು ಎಳೆಯೂ ಕೆಟ್ಟಿರಲಿಲ್ಲ.

"ಯಾಕಣ್ಣಾ?" ಎಂದರು ಸುವಾರ್ತಮ್ಮ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕೃಪಾನಂದರು ತಡೆದುಕೊಳ್ಳುತ್ತಿದ್ದರೇನೋ. ಅವರು ಪೊಟ್ಟಣವನ್ನು ಆಕೆಯ ಕೈಗಿಟ್ಟರು.

"ಮಂಡಿಯಾಗೆ ಕುಂತು ಹೊಲಿಯೋವಾಗ ನನ್ನ ಹೆಸರು ಹಿಡಿದು ಯಾರೂ ಕರೀತಿರ್ಲಿಲ್ಲಮ್ಮಾ. 'ಲೇ ಚೀಲ' ಅಂತಿದ್ರು. ವರ್ಷಕ್ಕೊಂದು ದಿನ ಇಲ್ಲಿ ಇಷ್ಟು ಜನ ಎದ್ದು ನಿಂತು ನನ್ನ ಹೆಸರು ಹೇಳ್ತಾರೆ. ಅದೊಂದು ದಿನಕ್ಕೆ ವರ್ಷ ಪೂರ್ತಿ ಕಾಯ್ತಿದ್ದೆ. ಕೊಡೋದೆಲ್ಲಾ ಅದಕ್ಕೇ ಕೊಡ್ತಿದ್ದೆ ಅಂತ ಕಾಣ್ತದೆ. ಈ ಸಲ ಅದು ಬೇರೆಯೋರಿಗೆ ಅಂದ್ರು... ಆಸೆ. ದುರಾಸೆ. ಇವತ್ತು ಚೀಲ ನಾನೇ ಕೂಗಿ ತಗೊಂಡು ಹೋಗಿ, ನಾಳೆ ಸೀರೆ ಎಲ್ಲೋ ಸಿಕ್ತು ಅಂತ ತಂದಿಡೋನಿದ್ದೆ."

"ನಾಳೆ ಹೊತ್ತಿಗೆ ನಾನು ಎಲ್ಲಿರ್ತಿದ್ದೆ ಧಣಿ?" ಎಂದ ಗಾದ್ರಪ್ಪ.

ಕೃಪಾನಂದರು ಕೂತಲ್ಲಿಂದಲೇ ಎರಡೂ ಕೈಯಿಂದ ಗಾದ್ರಪ್ಪನ ಕಾಲು ಹಿಡಿದರು. ಗಾದ್ರಪ್ಪ ಹೌಹಾರಿ ಹಿಂದೆ ಸರಿದ.

"ಕಾಲು ಬಿಡ್ರಿ. ನನ್ನ ಕಾಲು ಹಿಡಿದ್ರೆ ಏನ್ ಬಂತು? ನನ್ನ ಮಗಳ ಟ್ರಂಕು ಅಂಗಳಕ್ಕೆ ತಂದಿದ್ದನ್ನ ಊರೆಲ್ಲಾ ನೋಡೈತೆ. ಹೇಳಾದಿದ್ರೆ ಅವರ ಮುಂದೆ ಹೇಳ್ರಿ."

ಹೇಳಿದರು. ಆರಾಧನೆಯ ನಡುವೆ, ತುಂಬಿದ ಸಭೆಯ ಮುಂದೆ ಎದ್ದು ನಿಂತರು. ಈ ಸಲ ದಬ್ಬಳ ಹೊರಬರಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಅವರ ನಂತರ ನಾನು ಎದ್ದೆ. ಅರ್ಧ ಬರೆದ ಕಾಗದವನ್ನು ಓದಿ ಹೇಳಿ, ಹರಿದು, ಬಾಗಿಲಲ್ಲಿ ನಿಂತಿದ್ದ ಗಾದ್ರಪ್ಪನಿಗೂ ಯರ್ರಮ್ಮನಿಗೂ ಕೈ ಮುಗಿದೆ. ನನ್ನ ಪೆನ್ನು ಕಿತ್ತುಕೊಂಡ ಹೆಂಡತಿಯನ್ನು ಕೊಟ್ಟದ್ದಕ್ಕೆ ಆವತ್ತು ದೇವರಿಗೆ ಸಲ್ಲಿಸಿದಂಥ ಸ್ತೋತ್ರವನ್ನು ಮದುವೆಯ ದಿನವೂ ಸಲ್ಲಿಸಿರಲಿಲ್ಲ.

ಹರಾಜು ಶುರುವಾಯಿತು. ಕುಂಬಳಕಾಯಿ ಹೋಯಿತು, ಹುಂಜಗಳು ಹೋದವು. ಆಗ ಸುವಾರ್ತಮ್ಮ ಎದ್ದು ಸ್ವಪ್ನ ಅಮ್ಮನವರ ಹತ್ತಿರ ಹೋದರು.

"ಅಮ್ಮಗಾರೂ, ನನ್ನ ಸೀರೆ ಈಗಲೇ ಕೂಗ್ರಿ. ಕೊನೆಗೆ ಆ ಚೀಲ ಇರಲಿ."

"ನಿಮ್ಮ ಸರದಿ ಸುವಾರ್ತಮ್ಮ. ನಿಮಗಾಗಿ ಸಭೆ ಎದ್ದು ನಿಲ್ಲಬೇಕು."

"ನನಗೆ ದೇವುಡು ಕೈ ಕೊಟ್ಟಿದ್ದಾನಲ್ಲ, ಅದಕ್ಕೆ ಸಾಟಿ ಏನೈತೆ? ಆಯಣ್ಣಂಗೆ ಇವತ್ತು ಬೇಕು."

ಸೀರೆಯನ್ನು ಸ್ತ್ರೀಯರ ಸಂಘದವರೆಲ್ಲ ಕೂಡಿ ಕೂಗಿದರು. ಕೃಪಾನಂದರ ಕೈ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಅವರು ಅದನ್ನು ಬಿಟ್ಟುಕೊಟ್ಟರು. ಸಂಘದವರು ಕೊಂಡ ಸೀರೆಯನ್ನು ಹೊರಗೆ ಕೂಡ ಒಯ್ಯಲಿಲ್ಲ, ಬಾಗಿಲಲ್ಲೇ ಯರ್ರಮ್ಮನ ಮಡಿಲಿಗೆ ಹಾಕಿದರು. ಗುರುವಾರ ಧಾರೆಗೆ ಆ ಹುಡುಗಿ ಉಟ್ಟದ್ದು ಅದೇ ಗಿಳಿಹಸಿರು.

ಎಲ್ಲಕ್ಕಿಂತ ಕೊನೆಗೆ ಚೀಲ ಬಂತು. ಅಮ್ಮನವರು ಬೆಲೆ ಕೂಗಲಿಲ್ಲ.

"ಕೃಪಾನಂದ" ಎಂದರು, ಅಷ್ಟೇ.

ಇಡೀ ಸಭೆ ಎದ್ದು ನಿಂತಿತು. ಹನ್ನೊಂದು ವರ್ಷ ನೆಟ್ಟಗೆ ನಿಂತು ಈ ಪ್ರಾರ್ಥನೆಯನ್ನು ಸ್ವೀಕರಿಸಿದ್ದ ಮನುಷ್ಯ ಈ ಸಲ ಬೆಂಚಿನಿಂದ ಏಳಲಾರದೆ ಮಕ್ಕಳ ಹಾಗೆ ಅತ್ತುಬಿಟ್ಟರು. ಕದ್ದು ಉಳಿಸಿಕೊಳ್ಳಲು ನೋಡಿದ್ದನ್ನು ಅವರಿಗೆ ಸುಮ್ಮನೆ ಕೊಟ್ಟಿದ್ದರು.

ಪ್ರಾರ್ಥನೆ ಮುಗಿದ ಮೇಲೆ ಅವರು ಕಣ್ಣೊರೆಸಿಕೊಂಡು ಎದ್ದರು. ಚೀಲವನ್ನು ತಾವೇ ಬಾಗಿಲ ತನಕ ಎಳೆದು ತಂದು, ಅದರ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು ನಿಂತರು.

"ಮೊದಲ ಹಿಡಿ ನಿಂದು ಗಾದ್ರಪ್ಪಾ."

ಗಾದ್ರಪ್ಪ ಅವರ ಮುಖವನ್ನು ಒಂದು ಗಳಿಗೆ ನೋಡಿದ. ಕೈ ಹಾಕಿದ. ಒಂದು ಹಿಡಿ ತೆಗೆದು, ಮೊದಲ ಕಾಯಿ ಒಡೆದು, ಕಾಳನ್ನು ಕೃಪಾನಂದರ ಬಾಯಿಗೇ ಇಟ್ಟ. ಅವರ ಎರಡೂ ಕೈ ಚೀಲ ಹಿಡಿದಿದ್ದವಲ್ಲ.