ಗೋಡೆಬದಿಯ ಕಲ್ಲುಜಗಲಿ

ಬ್ರಿಡ್ಜ್‌ವಾಟರ್ ಎಂಬ ಊರಿನ ಹತ್ತಿರ ಒಂದು ಚರ್ಚಿದೆ. ಇಂಗ್ಲೆಂಡಿನ ಹಳ್ಳಿಯೊಂದರ ಎಂಟುನೂರು ವರ್ಷದ ಚರ್ಚು ಕುಸಿದಾಗ ಅದರ ಕಲ್ಲುಗಳನ್ನು ಹಡಗಿನಲ್ಲಿ ಸಾಗರ ದಾಟಿಸಿ ಇಲ್ಲಿಗೆ ತಂದು ಕಟ್ಟಿದ್ದು. ಎಂಟುನೂರು ವರ್ಷದ ಹಿಂದೆ ಚರ್ಚುಗಳಲ್ಲಿ ಬೆಂಚುಗಳಿರಲಿಲ್ಲ; ನಿಲ್ಲಲಾರದವರಿಗೆಂದು ಗೋಡೆಗುಂಟ ಕಲ್ಲಿನ ಜಗಲಿ ಇರುತ್ತಿತ್ತು. ಅದೂ ಇಲ್ಲಿದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಆರ್ಕಿಟೆಕ್ಟ್ ಗಾರ್ಗಿ ಅಲ್ಲಿ ಗೋಡೆಯ ತೇವ ಪರೀಕ್ಷಿಸಲು ಹೋದಾಗ ಅಪ್ಪನನ್ನೂ ಕರೆದೊಯ್ದಳು. ಅಮ್ಮ ತೀರಿಕೊಂಡ ಮೇಲೆ ಅವರು ಮಾತೇ ಬಿಟ್ಟಿದ್ದರು. ಒಳಗೆ ಹೀಟಿಂಗ್ ಇರಲಿಲ್ಲ; ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಮಂಡಿ ನೋಯುತ್ತಿದ್ದುದರಿಂದ ಅಪ್ಪ ಜಗಲಿಯ ಮೇಲೆ ಕೂತರು.

"ಕಲ್ಲು ಬೆಚ್ಚಗಿದೆ ಕಣೇ," ಎಂದರು. ಆಮೇಲೆ ಪಕ್ಕಕ್ಕೆ ಜರುಗಿ, "ಬನ್ನಿ, ಕೂತ್ಕೊಳ್ಳಿ," ಎಂದರು.

"ಯಾರಿಗಪ್ಪಾ ಹೇಳ್ತಿದೀಯ?"

ಅಪ್ಪ ಪಕ್ಕಕ್ಕೆ ತಿರುಗಿ ನಕ್ಕರು. ಅವರ ನಗು ನೋಡಿ ವರ್ಷವಾಗಿತ್ತು.

ಅವರು ಎದ್ದ ಮೇಲೆ ಗಾರ್ಗಿ ಶಾಖ ತೋರಿಸುವ ಕ್ಯಾಮೆರಾದಲ್ಲಿ ಜಗಲಿಯ ಚಿತ್ರ ತೆಗೆದಳು. ಅದರಲ್ಲಿ ಇಬ್ಬರು ಒತ್ತೊತ್ತಾಗಿ ಕೂತು ಎದ್ದ ಶಾಖದ ಗುರುತಿತ್ತು. ಗಾರ್ಗಿ ಅಲ್ಲಿ ಕೂತೇ ಇರಲಿಲ್ಲ.