ಮೆಷಿನ್ ಸರಿಯಾಗಿದೆ

"ಮೆಷಿನ್ ಸರಿಯಾಗಿದೆ ಡಾಕ್ಟ್ರೇ," ಎಂದು ಅವನು ಮೂರನೆಯ ಸಲ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ನಾನು ಅರಿವಳಿಕೆ ಕೊಡುವವಳು. ಹಾಲುಬಣ್ಣದ ಮದ್ದು ನರಕ್ಕೆ ಹೋದೊಡನೆ ರೋಗಿ ನಿದ್ದೆಗೆ ಜಾರುತ್ತಾರೆ. ಆಮೇಲೆ ಅವರ ಉಸಿರಿಗೂ ನಾಡಿಗೂ ನಾನೇ ಕಾವಲು. ಅದಕ್ಕೇ ಬೆಳಿಗ್ಗೆ ಥಿಯೇಟರಿಗೆ ಬಂದವಳೇ ನಾಡಿ ತೋರಿಸುವ ಮಾನಿಟರಿನ ಕ್ಲಿಪ್ಪನ್ನು ಮೊದಲು ನನ್ನ ಬೆರಳಿಗೇ ಹಾಕಿ ನೋಡುತ್ತೇನೆ. ಈ ವಾರವಿಡೀ ಪರದೆಯ ಮೇಲೆ ಬರೀ ನೇರ ಗೆರೆ. ಮೆಷಿನ್ ರಿಪೇರಿಯವನನ್ನು ಕರೆಸಿದರೆ, ಅವನ ಬೆರಳಿಗೆ ಮಾತ್ರ ಅದು ಟಿಕ್ ಟಿಕ್ ಎಂದು ಮುದ್ದಾಗಿ ಮಾತಾಡುತ್ತದೆ.

"ನಾಳೆಯಿಂದ ಬೇರೆಯವರನ್ನ ಕಳಿಸೋಕೆ ಹೇಳ್ತೀನಿ," ಎಂದುಬಿಟ್ಟೆ. ಅಂದೊಡನೆ ಅಂದದ್ದು ತಪ್ಪೆನಿಸಿತು. ಅವನು ಬರುವ ಹೊತ್ತಿಗೆ ನಾನು ಟೋಪಿಯೊಳಗಿನ ಕೂದಲು ಸರಿಮಾಡಿಕೊಳ್ಳುತ್ತಿದ್ದುದು ಸುಳ್ಳಲ್ಲ.

ಅವನ ನಗು ಮಾಯವಾಯಿತು. "ಆಗ್ಲಿ. ಹೋಗೋ ಮುಂಚೆ ನಿಮ್ಮ ಕೈ ಒಂದ್ಸಲ ಕೊಡಿ."

ಕೊಟ್ಟೆ. ಎರಡು ಬೆರಳು ಸುಣ್ಣದಂತೆ ಬಿಳಿಚಿಕೊಂಡಿದ್ದವು.

"ಇದೇನಿದು?"

"ಚಿಕ್ಕವಳಿದ್ದಾಗಿಂದ ಹೀಗೇ. ಥಂಡಿ ತಾಗಿದ್ರೆ ರಕ್ತನಾಳ ಮುದುರ್ಕೊಂಡು..."

ಮಾತು ಅಲ್ಲೇ ನಿಂತಿತು. ಥಿಯೇಟರಿನ ಎಸಿ ರಿಪೇರಿಯಾಗಿ ಫ್ರಿಜ್ಜಿನಂತೆ ಕೊರೆಯತೊಡಗಿದ್ದು ಈ ವಾರವೇ. ರಕ್ತವೇ ಬಾರದ ಬೆರಳಲ್ಲಿ ಪಾಪದ ಮೆಷಿನ್ ನಾಡಿಯನ್ನು ಎಲ್ಲಿಂದ ತರಬೇಕು? ಜೂನಿಯರ್‌ಗಳಿಗೆ ಈ ಪಾಠ ಹೇಳುವವಳೂ ನಾನೇ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಗೊಣಗಿದೆ.

"ನಾನು ಹಾಗಂದಿಲ್ಲಪ್ಪ," ಎಂದವನು ನನ್ನ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡ. ಎಷ್ಟು ಬೆಚ್ಚಗಿದ್ದವು ಆ ಕೈಗಳು. ಬೆರಳು ಮೊದಲು ನೀಲಿಯಾಗಿ, ಆಮೇಲೆ ಕೆಂಪೇರಿತು. ಕೆಂಪೇರಿದ್ದು ಬೆರಳೊಂದೇ ಅಲ್ಲ.

ಕ್ಲಿಪ್ ಹಾಕಿದ. ಅಂಕಿ ಬಂತು, ಗೆರೆ ಕುಣಿಯಿತು. ಕೊನೆಯ ಪರೀಕ್ಷೆಗೆಂದು ಅದನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ಚೀಲ ತುಂಬತೊಡಗಿದ. ಎಪ್ಪತ್ತೆರಡು. ಶಾಂತ ಮನುಷ್ಯ.

"ನಾಳೆ ಬರೋನಿಗೆ ಇಲ್ಲೇನೂ ಕೆಲಸ ಇಲ್ಲ," ಎಂದ, ನನ್ನತ್ತ ನೋಡದೆ.

ಈಗ ಸುಮ್ಮನಿದ್ದರೆ ಇವನು ಹೊರಟೇಹೋಗುತ್ತಾನೆ.

"ನಾಳೆನೂ ನೀವೇ ಬನ್ನಿ."

"ಯಾಕೆ? ಎಲ್ಲ ಸರಿಯಾಗಿದೆಯಲ್ಲ."

"ನಿಮ್ಮನ್ನ ನೋಡ್ಬೇಕು. ನಾಳೆ ಅಷ್ಟೇ ಅಲ್ಲ, ದಿನಾ."

ಟಿಕ್ ಟಿಕ್ ಸದ್ದು ಒಮ್ಮೆಲೇ ಓಟ ಕಿತ್ತಿತು. ತೊಂಬತ್ತು. ನೂರಹತ್ತು. ನೂರಮೂವತ್ತು. ಬೆರಳಲ್ಲಿ ಕ್ಲಿಪ್ ಇರುವುದು ಆಗಷ್ಟೇ ನೆನಪಾಗಿ, ಅವನು ಕಿವಿಯವರೆಗೂ ಕೆಂಪಾದ.

"ಮೆಷಿನ್ ಕೆಟ್ಟಿದೆ ಡಾಕ್ಟ್ರೇ."

ಕ್ಲಿಪ್ ಕಳಚಲು ಹೋದ ಅವನ ಕೈಯನ್ನು ನಾನು ಹಿಡಿದುಕೊಂಡೆ.

"ಇಲ್ಲ," ಎಂದೆ. "ಮೆಷಿನ್ ಸರಿಯಾಗಿದೆ."