ಪರದೆಯಡಿಯ ಸ್ಲೇಟು

ಒಂದು ಪರದೆ ನನಗೆ ಎದುರುತ್ತರ ಕೊಟ್ಟ ದಿನವನ್ನು ನಾನು ಮರೆಯುವ ಹಾಗಿಲ್ಲ.

ಅದು ಐವತ್ತನಾಲ್ಕನೆಯ ಇಸವಿ. ನಾನು ಹಬೀಬ್, ಪಿರಿಯಾಪಟ್ಟಣದವನು, ವಯಸ್ಸು ಇಪ್ಪತ್ತೈದು, ಹುಣಸೂರಿಗೆ ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರು. ಎತ್ತಿನಗಾಡಿಯ ಚಕ್ರ ಮಾಡಿಸುವ ಜಾನ್ ಪಾಷಾ ಸಾಹೇಬರು ಮಗಳಿಗೆ ಪಾಠ ಹೇಳಲು ಮನೆಗೆ ಕರೆಸಿದ್ದರು.

"ಮೈಸೂರಿನ ಗಂಡಿನೋರು ಈಗ ಎಸ್ಸೆಸ್ಸೆಲ್ಸಿ ಕೇಳ್ತಾರೆ ಕಣ್ರೀ ಮೇಷ್ಟ್ರೇ. ನಮ್ಮ ಜೀನತ್ ಮಿಕ್ಕಿದ್ದೆಲ್ಲಾ ಪಾಸು. ಇಂಗ್ಲಿಷೊಂದು ಎಲ್ಡು ಸಲ ಕೈಕೊಡ್ತು."

ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಸಿರು ಪರದೆ ಕಟ್ಟಿದ್ದರು. ಈಚೆ ನಾನು, ಒಂದು ಸ್ಟೂಲು, ಕಾವಲಿಗೆ ಅಡಿಕೆ ಕತ್ತರಿಸುತ್ತ ಕೂತ ಅಜ್ಜಿ. ಆಚೆ ಜೀನತುನ್ನೀಸಾ. ಪರದೆಯ ಅಂಚು ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಬರೆಯುವುದು, ತಿದ್ದುವುದು ಎಲ್ಲಾ ಆ ಸಂದಿಯಲ್ಲಿ ಓಡಾಡುವ ಸ್ಲೇಟಿನ ಮೇಲೆ. ಮನೆಮಾತು ಉರ್ದುವಾದರೂ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಬರುತ್ತದಲ್ಲ, ಹಾಗಾಗಿ ಪಾಠದಲ್ಲಿ ಕನ್ನಡವೇ ಆಗಬೇಕೆಂದು ನಾನು ಕಟ್ಟಪ್ಪಣೆ ಮಾಡಿದ್ದೆ.

"ಓಪನ್ ಯುವರ್ ಬುಕ್," ಎಂದೆ, ಬಲು ಗತ್ತಿನಿಂದ.

"ತೆಗೆದೇ ಇದೆ. ಎರಡು ವರ್ಷದಿಂದ ತೆಗೆದೇ ಇದೆ. ಮುಂದಿಂದು ಹೇಳಿ," ಎಂದಿತು ಪರದೆ.

ನಾನು ಬೆಚ್ಚಿಬಿದ್ದೆ. ಕ್ಲಾಸಿನಲ್ಲಿ ಮೀಸೆ ಬಂದ ಹುಡುಗರೂ ನನಗೆ ಹಾಗೆ ಉತ್ತರ ಕೊಟ್ಟಿರಲಿಲ್ಲ. ಅಜ್ಜಿ ತಲೆ ಎತ್ತದೆ ಅಡಿಕೆ ಕತ್ತರಿಸಿದರು.

ಜೀನತ್‌ಳ ಮಾತು ಅರಳು ಹುರಿದಂತೆ. ಒಂದು ದಿನ ಪಾಠದಲ್ಲಿ ಹಿಮ ಬಂತು.

"ಸ್ನೋ ನೀವು ನೋಡಿದ್ದೀರಾ ಮೇಷ್ಟ್ರೇ?"

"ಇಲ್ಲ."

"ಕಣ್ಣಲ್ಲಿ ನೋಡದ್ದನ್ನ ನಂಬ್ಕೊಂಡು ಪಾಠ ಮಾಡ್ತೀರಲ್ಲ!"

"ನಿಮ್ಮನ್ನೂ ನೋಡಿಲ್ಲ. ಪಾಠ ಮಾಡ್ತಾ ಇಲ್ವಾ?"

ಬಾಯಿ ಜಾರಿತ್ತು. ಆಚೆಯಿಂದ ಗಾಜಿನ ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡುವ ಹಾಗೆ ನಗು ಬಂತು. ಆ ಸಂಜೆ ನಾನು ಮನೆಯ ದಾರಿ ತಪ್ಪಿ ಸಂತೆಮಾಳದವರೆಗೆ ನಡೆದುಹೋಗಿದ್ದೆ.

ಆದರೆ ನನ್ನನ್ನು ನಿಜವಾಗಿ ಕೆಡವಿದ್ದು ನಗುವಲ್ಲ, ಸ್ಲೇಟು.

'ನಮ್ಮ ಮನೆ' ಎಂದು ಐದು ಸಾಲು ಬರೆಯಲು ಹೇಳಿದ್ದೆ. ನಾಲ್ಕು ಕೋಣೆ, ಎರಡು ಬಾಗಿಲು ಎಂದು ಬರುತ್ತದೆಂದುಕೊಂಡಿದ್ದೆ. ಬಂದದ್ದೇ ಬೇರೆ. ಪುಟ್ಟಪುಟ್ಟ ಇಂಗ್ಲಿಷ್ ವಾಕ್ಯಗಳಲ್ಲಿ ಹೀಗೆ ಬರೆದಿತ್ತು: ನಮ್ಮ ಹಿಂದಿನ ಕಿಟಕಿಯಿಂದ ಲಕ್ಷ್ಮಣತೀರ್ಥ ಹೊಳೆ ಅರ್ಧ ಕಾಣುತ್ತದೆ. ಉಳಿದರ್ಧವನ್ನು ನಾನು ಊಹಿಸಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ನನ್ನ ಅರ್ಧದಲ್ಲಿ ಮಾತ್ರ ನೀರಿರುತ್ತದೆ.

ಮೂರು ಸಲ ಓದಿದೆ. ತಿದ್ದಲು ಹಿಡಿದಿದ್ದ ಬಳಪ ಕೈಯಲ್ಲೇ ಉಳಿಯಿತು. ಇಂಥ ಹುಡುಗಿ ಎರಡು ಸಲ ಫೇಲಾದಳೆಂದರೆ ಪೇಪರು ತಿದ್ದಿದವರ ತಲೆ ಕೆಟ್ಟಿರಬೇಕು ಎಂದುಕೊಂಡೆ. ಅದು ಬಿಟ್ಟು ಬೇರೇನೂ ಹೊಳೆಯದ ನನ್ನ ಬಿ.ಎ. ಡಿಗ್ರಿಗೆ ಏನೆನ್ನಲಿ!

ಆರು ತಿಂಗಳಾಯಿತು. ಸ್ಲೇಟು ಬರುವ ಹೊತ್ತಿಗೆ ಬಳಪದ ಪುಡಿ ಮೆತ್ತಿದ ಎರಡು ಬೆರಳ ತುದಿ ಅಂಚಿನಲ್ಲಿ ಕಾಣುತ್ತಿತ್ತು. ಅದನ್ನು ನೋಡಲೆಂದೇ ನಾನು ಬೇಗ ಬೇಗ ಪ್ರಶ್ನೆ ಕೊಡುತ್ತಿದ್ದೆ. ನಮ್ಮ ಶಾಲೆಯ ಕನ್ನಡ ಪಂಡಿತರಾದ ಕಂಠಪ್ಪನವರ ಹತ್ತಿರ ಒಂದು ದಿನ ಎಲ್ಲಾ ಹೇಳಿಬಿಟ್ಟೆ.

"ಮುಖಾನೇ ನೋಡಿಲ್ಲ, ಆಗ್ಲೇ ಮದುವೆ ಅಂತೀಯ," ಎಂದರು ಅವರು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಕಣಯ್ಯಾ ಇದು."

ಆದರೂ ಅಮ್ಮನನ್ನು ಪಿರಿಯಾಪಟ್ಟಣದಿಂದ ಕರೆಸಿ ಜೀನತುನ್ನೀಸಾಳಿಗೆ ಸಂಬಂಧ ಕೇಳಿಸಿದೆ. ಅರ್ಧ ಗಂಟೆಯಲ್ಲಿ ಒಪ್ಪಿಗೆಯಾಗಿ ಬಾಯಿಗೆ ಸಕ್ಕರೆ ಹಾಕಿ ಕಳಿಸಿದರಂತೆ. ನನಗೆ ನಂಬಿಕೆಯೇ ಬರಲಿಲ್ಲ.

ಮಾತು ಪಕ್ಕಾ ಆದ ಮೇಲೆ ನಿಕಾಹ್ ಆಗುವ ತನಕ ಹೆಣ್ಣು ಗಂಡಿನೆದುರು ಪರದೆಯ ಹಿಂದೆಯೂ ಕೂರಬಾರದು, ಅದು ಆ ಮನೆಯ ಪದ್ಧತಿ. ಅಲ್ಲಿಗೆ ಪಾಠ ನಿಂತಿತು. ಒಂದು ಭಾನುವಾರ ಮಧ್ಯಾಹ್ನ ನನ್ನ ನೋಟ್ಸು ಕೊಡಲು ಹೋದೆ. ಪರದೆ ಇನ್ನೂ ಬಿಚ್ಚಿರಲಿಲ್ಲ.

"ಕೊನೇ ಪ್ರಬಂಧ ನೋಡೋದು ಬಾಕಿ ಇದೆ. ಮೇಷ್ಟ್ರಿಗೆ ಬೀಳ್ಕೊಡುಗೆ ಅಂತ ವಿಷಯ ಕೊಟ್ಟಿದ್ದೆ," ಎಂದೆ ಅಜ್ಜಿಗೆ.

"ಸ್ಲೇಟ್ ಕೊಟ್ಬುಡೇ," ಎಂದರು ಅಜ್ಜಿ ಪರದೆಯ ಕಡೆಗೆ.

ಸ್ಲೇಟು ಬಂತು. ಅದೇ ಅಕ್ಷರ. ನೀವು ನನ್ನ ತಪ್ಪುಗಳನ್ನೆಲ್ಲ ತಿದ್ದಿದಿರಿ, ಒಂದು ಮಾತ್ರ ಉಳಿದಿದೆ, ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ ಎಂದು ಬರೆದಿತ್ತು. ಅದೇ ಗಳಿಗೆಗೆ ಹಿತ್ತಲ ಬಾವಿಕಟ್ಟೆಯಿಂದ ಜೀನತ್‌ಳ ಗಟ್ಟಿ ನಗು ಕೇಳಿಸಿತು, ಬಳೆಗಳ ಸದ್ದಿನ ಜೊತೆ.

ನಗು ಹಿತ್ತಲಲ್ಲಿ. ಬೆರಳು ಇಲ್ಲಿ, ಪರದೆಯಡಿಯಲ್ಲಿ. ಆರು ತಿಂಗಳೂ ಬಳೆಯ ಸದ್ದು ಮಾತಿನ ಜೊತೆ ಬರುತ್ತಿತ್ತು, ಸ್ಲೇಟಿನ ಜೊತೆ ಬಂದದ್ದೇ ಇಲ್ಲ ಎಂಬುದು ಆಗ ತಲೆಗೆ ಹೋಯಿತು.

"ಇದನ್ನ ಬರೆದೋರು ಯಾರು?"

ನಾನೆಂದೂ ಕೇಳಿರದ ಒಂದು ತಗ್ಗು ದನಿ ಬಂತು. "ಅಕ್ತರುನ್ನೀಸಾ. ಜೀನತ್‌ಳ ಅಕ್ಕ."

"ದಿನಾ ನೀವೇ ಬರೀತಿದ್ರಾ?"

"ಅವಳ ಜೊತೆಗೆ ಅಂತ ಕೂರ್ತಿದ್ದೆ. ಅವಳಿಗೆ ಬರೆಯೋದು ಅಂದ್ರೆ ಆಗಲ್ಲ, ಬೈಸ್ಕೋತಾಳೆ ಅಂತ ನಾನು ಬರೆದೆ. ಆಮೇಲೆ ಬಿಡೋಕೆ ಆಗಲಿಲ್ಲ. ಎಂಟನೇ ಕ್ಲಾಸಿಗೆ ನನ್ನ ಓದು ಬಿಡಿಸಿದ್ರು. ಮಿಕ್ಕಿದ್ದೆಲ್ಲಾ ನೀವು ಕಲಿಸಿದ್ದು."

"ಮದ್ವೆ ಆಗಿ ಎಂಟು ತಿಂಗ್ಳಿಗೆ ಇವಳ ಗಂಡ ತೀರ್ಕೊಂಡ," ಎಂದರು ಅಜ್ಜಿ ಅಡಿಕೆ ಕೆಳಗಿಟ್ಟು. "ಕೋಟೆ ರಸ್ತೇಲಿ ಲಾರಿ ಮಗುಚ್ಕೊಳ್ತು. ಎಲ್ಡು ವರ್ಷ ಆಯ್ತು."

"ನಾನು ಸಂಬಂಧ ಕೇಳಿದ್ದು ಇದನ್ನ ಬರೆದೋರಿಗೆ," ಎಂದೆ.

"ಹಾಗನ್ನಬೇಡಿ!" ಆ ದನಿ ಒಡೆಯಿತು. "ಅಬ್ಬಾಜಾನ್ ಮಾತು ಕೊಟ್ಟಾಗಿದೆ. ನನ್ನಿಂದ ತಂಗಿ ಮದುವೆ ಮುರಿದ್ರೆ ಈ ಮನೇಲಿ ನಾನು ಹೇಗಿರ್ಲಿ? ಸ್ಲೇಟ್ ಒರೆಸಿ ಕೊಡಿ."

"ಒರೆಸಲ್ಲ."

"ಏನದು ಒರೆಸಲ್ಲ ಅನ್ನೋದು?" ಬಾಗಿಲಲ್ಲಿ ಜಾನ್ ಪಾಷಾ ಸಾಹೇಬರು ನಿಂತಿದ್ದರು.

ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರ ಮುಖ ಬಿಳಿಚಿತು. "ತಲೆ ನೆಟ್ಟಗಿದ್ಯಾ ನಿಮ್ಗೆ? ಊರೆಲ್ಲಾ ಸಕ್ಕರೆ ಹಂಚಿದ್ದೀನಿ. ಚಿಕ್ಕೋಳ್ನ ಕೇಳಿ ಈಗ ದೊಡ್ಡೋಳು ಅಂದ್ರೆ ಜೀನತ್ ಮಾನ ಏನಾಗ್ಬೇಕು ಹೇಳ್ರೀ!"

ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಯಾರನ್ನು ಆರಿಸಿದರೂ ಇನ್ನೊಬ್ಬಳಿಗೆ ಅನ್ಯಾಯವಾಗುತ್ತಿತ್ತು, ಅದಕ್ಕೆ ನಾನೇ ಕಾರಣನಾಗಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿದೆ.

"ನನ್ನ ಮಾನಕ್ಕೆ ಏನೂ ಆಗಿಲ್ಲ, ಅಬ್ಬಾಜಾನ್." ಜೀನತ್ ಪರದೆಯ ಹಿಂದೆ ಬಂದು ನಿಂತಿದ್ದಳು. "ನೀವು ಒಪ್ಪೋವಾಗ ನನ್ನನ್ನ ಯಾರು ಕೇಳಿದ್ರು? ಈ ಮೇಷ್ಟ್ರನ್ನ ಕಟ್ಕೊಂಡ್ರೆ ಸಾಯೋ ತನಕ ಇಂಗ್ಲಿಷ್ ಪರೀಕ್ಷೆ. ನಂಗೆ ಬೇಡ." ಆಮೇಲೆ ಮೆಲ್ಲಗೆ ಹೇಳಿದಳು. "ಅಕ್ಕ ಎರಡು ವರ್ಷದಲ್ಲಿ ನಕ್ಕಿದ್ದು ಇವರ ಪಾಠದಲ್ಲೇ. ಯಾರ ಕಿವಿಗೂ ಬೀಳಬಾರದು ಅಂತ ಬಾಯಿಗೆ ದುಪಟ್ಟಾ ಒತ್ಕೊಂಡು ನಗ್ತಿದ್ಲು."

ಆ ಹೊತ್ತು ಅವಳ ಬಳೆ ಸದ್ದು ಮಾಡಲಿಲ್ಲ. ಅವಳು ತನ್ನ ಮನಸ್ಸಿನ ಮಾತು ಹೇಳಿದಳೋ, ಅಕ್ಕನಿಗಾಗಿ ಹೇಳಿದಳೋ, ಇವತ್ತಿಗೂ ನಾನು ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಸಾಹೇಬರು ನನ್ನ ಸ್ಟೂಲಿನ ಮೇಲೆ ಕುಸಿದು ಕೂತರು. ಬೈಯುತ್ತಾರೆ ಎಂದು ಕಾದೆ. ಅವರು ಟೋಪಿ ತೆಗೆದು ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

"ದೊಡ್ಡೋಳ್ನ ಕೇಳ್ಕೊಂಡು ಯಾರಾರೂ ಬತ್ತಾರೆ ಅಂತ ದುವಾ ಮಾಡೋದ್ನೇ ಬುಟ್‌ಬುಟ್ಟಿದ್ದೆ ಕಣ್ರೀ ಮೇಷ್ಟ್ರೇ."

ಊರು ನಾಲ್ಕು ದಿನ ಬಾಯಿಗೆ ಬಂದಂತೆ ಆಡಿಕೊಂಡಿತು. ಅಮ್ಮ ಎಂಟು ದಿನ ನನ್ನ ಜೊತೆ ಮಾತು ಬಿಟ್ಟು ಒಂಬತ್ತನೆಯ ದಿನ ಸೊಸೆಗೆ ಸೀರೆ ತರಲು ಮೈಸೂರಿಗೆ ಹೊರಟಳು. ಜೀನತ್ ಮೂರನೆಯ ಸಲವೂ ಫೇಲಾಗಿ, ಪೀಡೆ ತೊಲಗಿತೆಂದು ಪುಸ್ತಕ ಕಟ್ಟಿ ಅಟ್ಟಕ್ಕೆ ಎಸೆದಳು.

ಅದೇ ಮನೆಯಂಗಳದ ಚಪ್ಪರದಲ್ಲಿ ನಿಕಾಹ್. ಖಾಜಿಯವರು ನನ್ನ ಮುಂದೆ ಕೂತು ಒಂದು ವಿಷಯ ತಿಳಿಸಿದರು. ಮೊದಲ ಮದುವೆಯ ಹುಡುಗಿಯಾದರೆ ನಾಚಿ ಸುಮ್ಮನಿದ್ದರೂ ಒಪ್ಪಿಗೆಯೆಂದೇ ಲೆಕ್ಕ. ಒಮ್ಮೆ ಮದುವೆಯಾಗಿದ್ದವಳು ಹಾಗಲ್ಲ, ಅವಳು ಬಾಯಿಬಿಟ್ಟೇ ಹೇಳಬೇಕು. ಹೇಳದಿದ್ದರೆ ನಿಕಾಹ್ ಇಲ್ಲ.

ನಾನು ಅವಳ ಬಾಯಿಂದ ಕೇಳಿದ್ದು ಒಂದು ಹತ್ತು ವಾಕ್ಯ. ಅಷ್ಟು ಜನರೆದುರು ಅವಳು ದನಿ ತೆಗೆಯುತ್ತಾಳೆಯೇ? ಸಾಕ್ಷಿಗಳು ಒಳಬಾಗಿಲಿಗೆ ಹೋಗಿ ಕೇಳಿದರು. ಒಳಗೆ ಹೆಂಗಸರ ಗುಜುಗುಜು ನಿಂತಿತು. ಪಕ್ಕದಲ್ಲಿ ಕಂಠಪ್ಪನವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಕಬೂಲ್ ಹೈ."

ಬೀದಿಯ ತುದಿಗೆ ಕೇಳುವಷ್ಟು ಗಟ್ಟಿಯಾಗಿತ್ತು ದನಿ. ಚಪ್ಪರದಲ್ಲಿದ್ದವರೆಲ್ಲ ಒಳಬಾಗಿಲ ಕಡೆ ತಿರುಗಿದರು. ಇನ್ನೊಮ್ಮೆ ಕೇಳಲು ಸಾಕ್ಷಿ ಬಾಯಿ ತೆರೆಯುವ ಮೊದಲೇ ಅವಳು ಎರಡನೆಯ ಸಲ ಹೇಳಿದಳು, ಮೂರನೆಯ ಸಲವೂ ಹೇಳಿದಳು.

ಖಾಜಿಯವರು ನಗು ತಡೆದುಕೊಂಡು ನನ್ನ ಕಡೆ ತಿರುಗಿ, ನಿಮಗೆ ಒಪ್ಪಿಗೆಯೇ ಎಂದು ಕೇಳಿದರು.

ಬಾಯಿ ತೆರೆದೆ. ಕಣ್ಣಿನಿಂದ ನೀರು ಇಳಿಯಿತೇ ಹೊರತು ಮಾತು ಬರಲಿಲ್ಲ. ಅವರು ಎರಡನೆಯ ಸಲ ಕೇಳಬೇಕಾಯಿತು.